ಬಿಡಿಸಿಟ್ಟ ನಲವತ್ತೊಂದು ಗೊಂಚಲು

ಯಾವ ಸರಕೇ ಆಗಲಿ, ಮುಟ್ಟಿ ನೋಡುವ ಮೊದಲು ಬೆಲೆ ಕೇಳುವವನು ನಾನು. ಆದ್ದರಿಂದ ನನ್ನ ಕೆಲಸದ ಬೆಲೆಯನ್ನೂ ಮೊದಲೇ ಹೇಳಿಬಿಡುತ್ತೇನೆ. ಬಲಗಣ್ಣಿನ ಅರ್ಧ ದೃಷ್ಟಿ ಹೋಯಿತು. ವಾಸನೆ ಹಿಡಿಯುವ ಶಕ್ತಿ ಮುಕ್ಕಾಲು ಪಾಲು ಹೋಯಿತು. ಒಲೆಯ ಮೇಲೆ ಹಾಲು ಸೀದರೂ ನನಗೆ ತಿಳಿಯುವುದಿಲ್ಲ. ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಈ ಮೂರನ್ನೂ ತಿಳಿದೇ ಕೊಟ್ಟೆ. ಬದಲಿಗೆ ದೆಹಲಿಯ ಮಯೂರ್ ವಿಹಾರದಲ್ಲಿ ಎರಡು ಕೋಣೆಯ ಮನೆ ಆಯಿತು, ಮಗಳ ಓದು ಮುಗಿಯಿತು. ವ್ಯಾಪಾರ ಸರಿಹೋಯಿತು ಎಂದುಕೊಂಡಿದ್ದೆ.

ನಾಲ್ಕನೆಯ ಬೆಲೆಯೊಂದಿತ್ತು. ಅದು ನನಗೆ ಗೊತ್ತಾದದ್ದು ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದಾಗ. ನಲವತ್ತೊಂದು ಗೊಂಚಲು. ಸುಮಾರು ನಲವತ್ತೆಂಟು ಕೋಟಿ ವರ್ಷ ಬಂಡೆಯೊಳಗೆ ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದ ಸಣ್ಣ ಸಣ್ಣ ಹಲ್ಲುಗಳ ಗೊಂಚಲುಗಳನ್ನು ನಾನು ಸೂಜಿಯಿಂದ ಬಿಡಿಸಿ, ಒಂದೊಂದು ಹಲ್ಲನ್ನೂ ಬೇರೆ ಬೇರೆ ಚೌಕದಲ್ಲಿ ಇಟ್ಟೆ. ಯಾಕೆ ಎಂದರೆ ನಗುತ್ತೀರಿ. ಹಾಗೆ ಬಿಡಿಸುವಷ್ಟು ನಾಜೂಕು ನನ್ನ ಕೈಗಿತ್ತು, ಅದಕ್ಕೆ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಬಾಡಿಗೆಗಿರುವ ಇಬ್ಬರು ಕನ್ನಡದ ಹುಡುಗಿಯರು ಭೂವಿಜ್ಞಾನ ಓದಿ ಈಗಷ್ಟೇ ಪ್ರಯೋಗಾಲಯ ಸೇರಿದ್ದಾರೆ. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ನಾನು ನನ್ನ ಜಾಣತನವನ್ನೇ ಹೇಳಿಕೊಂಡು ಮುಗಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಳಕಲ್ಲಿನ ನೇಕಾರರ ಮನೆಯವನು. ಸೀರೆ ಮಾರಲು ದೆಹಲಿಗೆ ಬಂದ ಸೋದರಮಾವನ ಹಿಂದೆ ಬಂದೆ. ಸೀರೆ ಓಡಲಿಲ್ಲ. ಸರೋಜಿನಿ ನಗರದ ಫುಟ್‌ಪಾತಿನಲ್ಲಿ, ಪರದೇಶಕ್ಕೆ ಹೋಗಬೇಕಾಗಿದ್ದು ಹೋಗದೆ ಉಳಿದ ಶರ್ಟುಗಳನ್ನು ರಾಶಿ ಹಾಕಿಕೊಂಡು ಮಾರುತ್ತಿದ್ದೆ. ಒಂದು ದಿನ ಕನ್ನಡಕದವರೊಬ್ಬರು ಒಂದು ಶರ್ಟು ಎತ್ತಿಕೊಂಡರು. ಅದರ ಕಂಕುಳಲ್ಲಿ ಹೊಲಿಗೆ ಎರಡು ಎಳೆ ತಪ್ಪಿತ್ತು. ಒಂದು ವಾರಕ್ಕೆ ಹರಿದು ಮತ್ತೆ ಬಂದು ಜಗಳವಾಡುತ್ತಾರೆ ಎಂದು ಅದನ್ನು ಕಿತ್ತುಕೊಂಡು ಬೇರೆ ಕೊಟ್ಟೆ. ಇಷ್ಟು ದೂರದಿಂದ ಎರಡು ಎಳೆ ಹೇಗೆ ಕಂಡಿತು ಎಂದು ಅವರು ಕೇಳಿದರು. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಕಾಣದೆ ಏನಾಗುತ್ತದೆ ಎಂದೆ. ಅವರೇ ಭೂವಿಜ್ಞಾನಿ ಚೋಪ್ಡಾ ಸಾಹೇಬರು, ಮುಂದೆ ಮೂವತ್ತೆರಡು ವರ್ಷ ನನ್ನ ಮೇಲಧಿಕಾರಿ.

ನನ್ನ ಸಂದರ್ಶನ ಒಂದು ತಟ್ಟೆ ಗಸಗಸೆಯಲ್ಲಿ ನಡೆಯಿತು. ಅದರೊಳಗೆ ಏಳು ಕಾಳು ರವೆ ಬೆರೆಸಿದ್ದೇನೆ, ಹುಡುಕು ಎಂದರು. ಎಂಟು ಹುಡುಕಿಕೊಟ್ಟೆ. ಎಂಟನೆಯದು ಅಂಗಡಿಯಿಂದಲೇ ಬಂದಿತ್ತು. ಅವರು ಬಹಳ ಹೊತ್ತು ನಕ್ಕರು. ಮರುದಿನದಿಂದ ದಿನಗೂಲಿಯ ಮೇಲೆ ಸೇರಿದೆ.

ಕೆಲಸ ಇಷ್ಟೇ. ಹಿಮಾಲಯದ ಆಚೆಯ ಕಣಿವೆಗಳಿಂದ ಸುಣ್ಣಕಲ್ಲು ಚೀಲದಲ್ಲಿ ಬರುತ್ತದೆ. ಅದನ್ನು ಒಡೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ಬೆರೆಸಿದ ಅಸಿಟಿಕ್ ಆಮ್ಲಕ್ಕೆ ಹಾಕಬೇಕು. ಅಡುಗೆಯ ವಿನೆಗರ್ ಇದೆಯಲ್ಲ, ಅದರ ದೊಡ್ಡಣ್ಣ. ದಿನಗಟ್ಟಲೆ ಬುಸಬುಸ ಎನ್ನುತ್ತ ಕಲ್ಲು ಕರಗುತ್ತದೆ. ತಳದಲ್ಲಿ ಉಳಿದ ಗಸಿಯನ್ನು ಸಣ್ಣ ಜರಡಿಯಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಹರಡಿಕೊಂಡು, ಮೂರು ಕೂದಲಿನಷ್ಟು ತೆಳ್ಳಗಿನ ಒದ್ದೆ ಬ್ರಷ್ಷಿನ ತುದಿಯಿಂದ ಬೇಕಾದ್ದನ್ನು ಎತ್ತಿ, ಅರವತ್ತು ಚೌಕಗಳ ಕಪ್ಪು ಸ್ಲೈಡಿನಲ್ಲಿ ಇಡಬೇಕು. ಆಮ್ಲದ ವಾಸನೆ ಬಟ್ಟೆ ಬಿಟ್ಟು ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಒಬ್ಬ ಕಂಡಕ್ಟರು, ಭಯ್ಯಾ, ಉಪ್ಪಿನಕಾಯಿ ಭರಣಿ ಎಲ್ಲಿಟ್ಟಿದ್ದೀಯ, ಅದಕ್ಕೂ ಟಿಕೆಟ್ ತಗೋ ಎಂದಿದ್ದ.

ಮೊದಲ ಸಲ ಕಣ್ಣಿಟ್ಟಾಗ ನಾನು ಕುರ್ಚಿಯಿಂದ ಹಿಂದಕ್ಕೆ ಸರಿದೆ. ಕಲ್ಲಿನ ಪುಡಿಯ ನಡುವೆ ಹಲ್ಲು. ರವೆ ಕಾಳಿಗಿಂತ ಚಿಕ್ಕದು, ಜೇನಿನ ಬಣ್ಣ, ತುದಿ ಸೂಜಿಮೊನೆ, ಸ್ವಲ್ಪ ಹಿಂದಕ್ಕೆ ಬಾಗಿದೆ, ಬುಡದಲ್ಲಿ ಐಸ್‌ಕ್ರೀಮ್ ಕೋನಿನಂತೆ ಟೊಳ್ಳು. ಹಲ್ಲಿದೆ, ದವಡೆ ಇಲ್ಲ, ತಲೆ ಇಲ್ಲ, ಮೂಳೆ ಇಲ್ಲ. ಇದರ ಒಡೆಯ ಎಲ್ಲಿ ಎಂದು ಕೇಳಿದೆ. ಚೋಪ್ಡಾ ಸಾಹೇಬರು ವಿವರಿಸಿದರು: ಇದು ಕೋನೊಡಾಂಟ್ ಎಂಬ ಸಮುದ್ರಜೀವಿ. ಹಾವುಮೀನಿನ ಹಾಗೆ ಉದ್ದ, ಹೆಚ್ಚಿನವು ಬೆರಳಿಗಿಂತ ದೊಡ್ಡವಲ್ಲ, ಮೈಯೆಲ್ಲ ಮೆತ್ತಗೆ. ಸತ್ತರೆ ಮೈ ಕೊಳೆತುಹೋಗುತ್ತದೆ. ಉಳಿಯುವುದು ಬಾಯೊಳಗಿನ ಈ ಗಟ್ಟಿ ಚೂರುಗಳು ಮಾತ್ರ. ನಮ್ಮ ಹಲ್ಲು ಮೂಳೆಯಲ್ಲಿರುವ ಪದಾರ್ಥವೇ ಇದರಲ್ಲೂ ಇದೆ. ಈ ಚೂರುಗಳಿಗೆ ಅವರ ಭಾಷೆಯಲ್ಲಿ ಎಲಿಮೆಂಟ್ ಎಂದು ಹೆಸರು. ಕಾಲಕಾಲಕ್ಕೆ ಇವುಗಳ ಆಕಾರ ಬದಲಾಗುತ್ತ ಹೋದ್ದರಿಂದ, ಹಲ್ಲು ನೋಡಿ ಬಂಡೆಯ ವಯಸ್ಸು ಹೇಳಬಹುದು. ತುಂಬ ಹಳೆಯ ಬಂಡೆಗಳಲ್ಲಿ ಸಿಗುವುದು ಬರೀ ಇಂಥ ಒಂಟಿ ಕೊಂಬಿನವು. ನಮ್ಮ ಪ್ರಯೋಗಾಲಯದ ಪಾಲಿಗೆ ಬಂದದ್ದು ಆ ಹಳಬರೇ.

ನಾನು ಪದವಿ ಓದಿದವನಲ್ಲ. ಆದರೆ ಹೊಟ್ಟೆಪಾಡಿಗೆ ನೋಡುತ್ತ ನೋಡುತ್ತ ಕಲಿತೆ. ಇವುಗಳಲ್ಲಿ ಮೂರು ತರಹ. ಎಲ್ಲಕ್ಕಿಂತ ಹಳೆಯವು ಒಳಗಿನಿಂದ ಮಾತ್ರ ಪದರ ಕಟ್ಟಿಕೊಂಡು ಬೆಳೆದವು. ಅವು ಬೇರೆ ಯಾವುದೋ ಹುಳುವಿನ ಬಾಯಿಮುಳ್ಳು ಎಂದು ಈಗ ಹೇಳುತ್ತಾರೆ. ಆಮೇಲಿನವು ಬುಡದ ಸುತ್ತ ಹೊರಗಿನಿಂದಲೂ ಪದರ ಹಾಕಿಕೊಂಡವು, ತುದಿ ಮಾತ್ರ ಹಾಗೇ. ಮೂರನೆಯವೇ ಅಸಲಿ ಕೋನೊಡಾಂಟ್: ಮೇಲೆ ಗಾಜಿನಂಥ ಕಿರೀಟ, ಈರುಳ್ಳಿಯ ಹಾಗೆ ತುದಿಯ ಮೇಲೂ ಪದರ, ಮೊನೆಯ ಒಳಗೆ ಹಾಲುಬಿಳಿ ಎಳೆ, ಕೆಳಗೆ ಬುಡದ ಗುಳಿಯಲ್ಲಿ ಕೂರುವ ಕಂದುಬಣ್ಣದ ಬುಡದ ತುಂಡು. ಹೊರಗಿನಿಂದ ಪದರ ಬೀಳಬೇಕಾದರೆ ಆ ಹಲ್ಲು ಬೆಳೆಯುವಾಗ ಮಾಂಸದೊಳಗೆ ಮುಚ್ಚಿಕೊಂಡಿರಬೇಕಲ್ಲವೇ ಎಂದು ನಾನೇ ಒಮ್ಮೆ ಕೇಳಿದೆ. ಅಚ್ಛಾ, ಬಟ್ಟೆ ಮಾರುವವನು ಯೋಚನೆಯನ್ನೂ ಮಾಡುತ್ತಾನೆ ಎಂದು ಸಾಹೇಬರು ಅಂದು ಊಟಕ್ಕೆ ತಮ್ಮ ಮೇಜಿಗೇ ಕರೆದರು. ನನ್ನನ್ನು ಅವರು ಕೊನೆಯವರೆಗೂ ಎರನ್ನಾ ಎಂದೇ ಕರೆದರು. ಈರಣ್ಣ ಎನ್ನಲು ಅವರ ನಾಲಿಗೆ ಹೊರಳಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಚೌಕಾಸಿಯದು. ತಿಲಕ್ ಬಜಾರಿನ ರಾಸಾಯನಿಕದ ಅಂಗಡಿಯಲ್ಲಿ ಆಮ್ಲಕ್ಕೆ ಚೌಕಾಸಿ ಮಾಡಿದೆ. ಅಂಗಡಿಯವನು ಒಪ್ಪಲಿಲ್ಲ, ಎದ್ದು ಹೊರಟಂತೆ ಮಾಡಿದೆ, ಅವನು ಕರೆದು, ಅರ್ಧ ಬೆಲೆಗೆ ಲೇಬಲ್ ಹರಿದ ಕ್ಯಾನುಗಳನ್ನು ಕೊಟ್ಟ. ಗೆದ್ದೆ ಎಂದು ಬೀಗಿಕೊಂಡು ಬಂದೆ. ಅದರಲ್ಲಿ ಏನು ಬೆರೆತಿತ್ತೋ, ಇವತ್ತಿಗೂ ಗೊತ್ತಿಲ್ಲ. ಕಲ್ಲು ಮಾಮೂಲಿಗಿಂತ ಬೇಗ ಕರಗಿತು, ಅದಕ್ಕೂ ಖುಷಿಪಟ್ಟೆ. ಗಸಿ ನೋಡಿದರೆ ಹಲ್ಲುಗಳೆಲ್ಲ ಇಲಿ ತಿಂದ ಸೋಪಿನ ಹಾಗೆ. ಒಂದು ಇಡೀ ಬೇಸಿಗೆ ಸಾಹೇಬರು ಬೆಟ್ಟ ಹತ್ತಿ ತಂದ ಕಲ್ಲು ಹಾಳಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಮೂರು ದಿನ ಮಾತೇ ಆಡಲಿಲ್ಲ. ಶರ್ಟಿಗೆ ಚೌಕಾಸಿ ಮಾಡಿ, ಆಮ್ಲಕ್ಕೆ ಮಾಡಬೇಡಿ. ಆಮ್ಲ ಹಾಕುವ ಮುನ್ನ ಹಿಂದಿನ ಸಲ ಕಲ್ಲು ಕರಗಿಸಿ ಉಳಿದ ಹಳೆಯ ನೀರನ್ನು ಒಂದಿಷ್ಟು ಬೆರೆಸಿದರೆ ಅದರ ಸಿಟ್ಟು ಇಳಿಯುತ್ತದೆ, ಹಲ್ಲು ಉಳಿಯುತ್ತದೆ. ಇದನ್ನು ಕಲಿಯಲು ನಮಗೆ ಒಂದು ಬೇಸಿಗೆ ಬೇಕಾಯಿತು.

ಎರಡನೆಯದು ಜರಡಿಯದು. ಒಮ್ಮೆ ಅತಿ ಹಳೆಯ ಬಂಡೆಯಲ್ಲಿ ಬಾಚಣಿಗೆಯಂಥ ಹೊಸಕಾಲದ ಹಲ್ಲು ಸಿಕ್ಕಿತು. ಇಂಥದ್ದು ಜಗತ್ತಿನಲ್ಲಿ ಯಾರಿಗೂ ಸಿಕ್ಕಿಲ್ಲ ಎಂದು ಸಾಹೇಬರು ಪ್ರಬಂಧ ಬರೆಯಲು ಕುಳಿತೇಬಿಟ್ಟರು. ನನಗೆ ಯಾಕೋ ಅನುಮಾನ. ಜರಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ತಂತಿಯ ಸಂದಿಯಲ್ಲಿ ಅದೇ ತರಹದ ಇನ್ನೆರಡು ಚೂರು ಸಿಕ್ಕಿಕೊಂಡಿದ್ದವು; ಹಿಂದಿನ ವಾರದ ಬೇರೆ ಬಂಡೆಯವು. ತೋರಿಸಿದೆ. ಅವರ ಮುಖ ಸುಣ್ಣ ಬಳಿದಂತಾಯಿತು. ಅಂದಿನಿಂದ ಪ್ರತಿ ಸಲ ಜರಡಿಯನ್ನು ನೀಲಿ ಬಣ್ಣದ ದ್ರಾವಣದಲ್ಲಿ ಅದ್ದಿ ತೆಗೆಯುವ ರೂಢಿ ಹಾಕಿಕೊಂಡೆವು. ಮುಂದಿನ ಗಸಿಯಲ್ಲಿ ನೀಲಿ ಹಲ್ಲು ಬಂದರೆ ಅದು ಹಳೆಯ ಗಿರಾಕಿ ಎಂದು ಅರ್ಥ. ಹುಡುಗಿಯರೇ, ಈ ನೀಲಿಯನ್ನು ಮರೆಯಬೇಡಿ. ಬೆರಳಿಗೆ ಹತ್ತಿದರೆ ಒಂದು ವಾರ ಹೋಗುವುದಿಲ್ಲ, ಅದಕ್ಕೆ ಹೆದರಿ ಬಿಡಲೂ ಬೇಡಿ.

ಇನ್ನು ಆ ಗೊಂಚಲಿನ ವಿಷಯ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು: ಒಂದು ಚೌಕಕ್ಕೆ ಒಂದೇ ಹಲ್ಲು, ಅದೂ ಸ್ವಚ್ಛ. ಎರಡು ಅಂಟಿಕೊಂಡಿದ್ದರೆ ಬಿಡಿಸಬೇಕು, ಬುಡದಲ್ಲಿ ಕೊಳೆ ಇದ್ದರೆ ಕೆರೆಯಬೇಕು. ಪ್ರಬಂಧದ ಚಿತ್ರಕ್ಕೆ ಸ್ವಚ್ಛ ಹಲ್ಲೇ ಬೇಕು, ಆಕಾರ ನೋಡಿಯೇ ಹೆಸರಿಡಬೇಕು. ಆಗಿನ ಕಾಲಕ್ಕೆ ಅದರಲ್ಲಿ ತಪ್ಪೇನೂ ಯಾರಿಗೂ ಕಾಣಲಿಲ್ಲ. ಬೇರೆಯವರು ಬಿಡಿಸಲು ಹೋದರೆ ಮುರಿಯುತ್ತಿತ್ತು. ನಾನು ಬಿಡಿಸಿದರೆ ಮುರಿಯುತ್ತಿರಲಿಲ್ಲ. ಬಿದಿರಿನ ಕಡ್ಡಿಗೆ ಸೂಜಿ ಕಟ್ಟಿಕೊಂಡು, ಉಸಿರು ಹಿಡಿದು, ಸೇರಿದ ಜಾಗವನ್ನು ತಟ್ಟಿದರೆ ಎರಡೂ ಸರಿಯಾಗಿ ಬೇರೆಯಾಗುತ್ತಿದ್ದವು. ನೋಡಲು ಬೇರೆ ಊರುಗಳಿಂದ ಜನ ಬರುತ್ತಿದ್ದರು. ನಾಲ್ಕು, ಐದು, ಒಮ್ಮೆ ಒಂಬತ್ತು ಹಲ್ಲಿನ ಗೊಂಚಲನ್ನು ಒಂದೂ ಮುರಿಯದೆ ಬಿಡಿಸಿದೆ. ಅಂದು ಸಾಹೇಬರು ಇಡೀ ಪ್ರಯೋಗಾಲಯಕ್ಕೆ ಜಿಲೇಬಿ ತರಿಸಿದರು.

ಆ ಬಿಡಿ ಹಲ್ಲುಗಳನ್ನು ನೋಡಿ ಸಾಹೇಬರು ಒಂದೇ ಪದರದ ಬಂಡೆಯಿಂದ ಐದು ಜೀವಿಗಳಿಗೆ ಹೆಸರಿಟ್ಟರು. ನೆಟ್ಟಗಿರುವುದು ಒಂದು, ಎಡಕ್ಕೆ ಬಾಗಿದ್ದು ಒಂದು, ಚಪ್ಪಟೆಯದು ಒಂದು, ಹೀಗೆ. ಅವರ ಕೀರ್ತಿ ಎಂದರೆ ಆ ಐದು ಹೆಸರು.

ಐದು ವರ್ಷದ ಹಿಂದೆ ಪಿಎಚ್‌ಡಿ ಮಾಡಲು ದೇಚಮ್ಮ ಬಂದಳು. ಕೊಡಗಿನವಳು, ಅಪ್ಪ ಸೇನೆಯಲ್ಲಿ ಸುಬೇದಾರರು, ಆದ್ದರಿಂದ ಬೆಳೆದದ್ದೆಲ್ಲ ದಂಡುಪ್ರದೇಶಗಳಲ್ಲಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹೋಗಿಬಿಡುತ್ತಾಳೆ. ಚೋಪ್ಡಾ ಸಾಹೇಬರೇ ಅವಳ ಗೈಡ್. ಮೂರು ವರ್ಷ ಅವಳು ನಾನು ಜೋಡಿಸಿಟ್ಟ ಸ್ಲೈಡುಗಳನ್ನೇ ನೋಡಿದಳು, ಅಳೆದಳು. ಆಮೇಲೆ ಒಂದು ಮಾತು ಹೇಳಿದಳು. ಸಾಹೇಬರ ಮುಂದೆಯೇ ಹೇಳಿದಳು. ಈ ಐದು ಹೆಸರು ಐದು ಜೀವಿಗಳದ್ದಲ್ಲ, ಒಂದೇ ಜೀವಿಯ ಬಾಯೊಳಗಿನ ಐದು ತರಹದ ಹಲ್ಲು.

ನಮ್ಮ ಬಾಯಲ್ಲೇ ನೋಡಿ, ಮುಂದಿನ ಹಲ್ಲು, ಕೋರೆ, ದವಡೆಹಲ್ಲು ಬೇರೆ ಬೇರೆ. ಉದುರಿಸಿ ರಾಶಿ ಹಾಕಿದರೆ ಗೊತ್ತಿಲ್ಲದವನು ಮೂರು ಪ್ರಾಣಿ ಎನ್ನುತ್ತಾನೆ. ಹೊಸಕಾಲದ ಕೋನೊಡಾಂಟುಗಳಲ್ಲಿ ಹೀಗೆ ಇದೆ ಎಂದು ಜಗತ್ತು ಎಂದೋ ಒಪ್ಪಿತ್ತು: ಮುಂದೆ ಹಿಡಿಯುವ ಹಲ್ಲು, ಹಿಂದೆ ಅರೆಯುವ ಹಲ್ಲು, ಎಡಬಲಕ್ಕೆ ಜೋಡಿ ಜೋಡಿ, ನಡುವೆ ಒಂದೇ ಒಂದು ಒಂಟಿ. ನಮ್ಮ ಹಳಬರಲ್ಲಿ, ನಮ್ಮ ಬಂಡೆಯಲ್ಲಿ, ಯಾರೂ ತೋರಿಸಿರಲಿಲ್ಲ. ಸಾಹೇಬರು ಸಿಟ್ಟಾಗಲಿಲ್ಲ. ಹೇಳುವುದು ಸುಲಭ, ತೋರಿಸು ಎಂದರು. ತೋರಿಸಲು ಏನು ಬೇಕು? ಆ ಹಲ್ಲುಗಳು ಬಾಯಲ್ಲಿ ಇದ್ದ ಹಾಗೆಯೇ ಒಟ್ಟಿಗೆ ಅಂಟಿಕೊಂಡಿರುವ ಒಂದು ಗೊಂಚಲು. ಅದಿಲ್ಲದೆ ಅವಳ ಪ್ರಬಂಧ ಬರೀ ಊಹೆ. ಫೆಲೋಶಿಪ್ಪು ಮುಗಿಯಲು ಒಂದು ವರ್ಷ. ಸಾಹೇಬರೂ ನಿವೃತ್ತರಾಗುವವರು, ಬೇರೆ ಗೈಡ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಹೊಸ ಕಲ್ಲು ತರೋಣವೆಂದರೆ ಆ ಜಾಗದಲ್ಲಿ ರಸ್ತೆ ಅಗಲ ಮಾಡಿ, ಬಂಡೆ ಒಡೆದು, ಉಳಿದದ್ದರ ಮೇಲೆ ಕಾಂಕ್ರೀಟು ಗೋಡೆ ಕಟ್ಟಿದ್ದರು.

ಈ ಮಾತು ನಡೆದಾಗ ನಾನು ಬಕೆಟ್ ತೊಳೆಯುತ್ತ ಅಲ್ಲೇ ಇದ್ದೆ. ಗೊಂಚಲು ಎಂಬ ಪದ ಕಿವಿಗೆ ಬಿತ್ತು. ನನಗೆ ಏನೂ ಅನ್ನಿಸಲಿಲ್ಲ. ಮೂವತ್ತು ವರ್ಷ ಬಿಡಿಸಿದ ಕೈ ಅಲ್ಲೇ ಇತ್ತು, ಅದಕ್ಕೆ ಗೊತ್ತಾಗಲಿಲ್ಲ.

ಎಂಟು ದಿನದ ಮೇಲೆ ಅವಳು ಕಲ್ಲಿನ ತೂಕ ನೋಡಲು ನನ್ನ ಹಳೆಯ ನೋಟುಬುಕ್ಕುಗಳನ್ನು ಕೇಳಿದಳು. ನಾನು ಕನ್ನಡದಲ್ಲೇ ಬರೆದಿಟ್ಟಿದ್ದೆ, ಇಡೀ ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಕಷ್ಟಪಟ್ಟಾದರೂ ಓದಬಲ್ಲವಳು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಕರೆದಳು.

"ಅಂಕಲ್, ಏಕ್ ಮಿನಿಟ್. ಇಲ್ಲಿ ಏನು ಬರೆದಿದ್ದೀರಾ? ಅಂ-ಟಿ-ದ್ದು, ಐದು. ಬಿಡಿಸಿದೆ. ಯೇ ಕ್ಯಾ ಹೈ?"

"ಅದಾ, ಐದು ಹಲ್ಲು ಒಂದಕ್ಕೊಂದು ಅಂಟಿಕೊಂಡಿತ್ತಮ್ಮ. ಬಿಡಿಸಿ ಬೇರೆ ಬೇರೆ ಚೌಕಕ್ಕೆ ಹಾಕಿದೆ. ಒಂದೂ ಮುರಿದಿಲ್ಲ, ನೋಡಬೇಕಾದರೆ ನೋಡು."

ಅವಳು ಪುಟ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಡಬ್ಬಿಯ ಮುಚ್ಚಳ ಅವಳ ಕೈಯಲ್ಲೇ ಇತ್ತು.

"ಅಂಕಲ್, ಇಂಥದ್ದು ಎಷ್ಟಿದೆ?"

ಆಗ ತಿಳಿಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ನಾನೇ ಎದುರು ಕುಳಿತು ಒಂದೊಂದು ನೋಟುಬುಕ್ಕಿನಲ್ಲೂ ಎಣಿಸಿದೆ. ಸಂಜೆಯಾಯಿತು. ನಲವತ್ತೊಂದು. ನನ್ನದೇ ಗುಂಡಗಿನ ಅಕ್ಷರ, ನನ್ನದೇ ಹೆಮ್ಮೆ. ಒಂಬತ್ತು ಹಲ್ಲಿನದ್ದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಬೇರೆ ಎಳೆದಿದ್ದೆ. ಅವಳು ಹುಡುಕುತ್ತಿದ್ದ ಬಾಯಿ ನನ್ನ ಮೈಕ್ರೋಸ್ಕೋಪಿನ ಕೆಳಗೆ ನಲವತ್ತೊಂದು ಸಲ ಬಂದು ಹೋಗಿತ್ತು. ನಾನು ಪ್ರತಿ ಸಲವೂ ಅದನ್ನು ಸ್ವಚ್ಛ ಮಾಡಿ ಕಳಿಸಿದ್ದೆ. ಬುಡದ ಕೊಳೆ ಎಂದು ಕೆರೆದು ಎಸೆದದ್ದೂ ಕೊಳೆಯಲ್ಲ, ಆ ಕಂದುಬಣ್ಣದ ಬುಡದ ತುಂಡು. ಅಸಲಿ ಕೋನೊಡಾಂಟಿನ ಗುರುತೇ ಅದು. ಅದರ ಹೆಸರೂ ನನಗೆ ಗೊತ್ತಿತ್ತು, ಅದನ್ನು ಕೆರೆಯುವಾಗ ಮಾತ್ರ ನೆನಪಾಗಲಿಲ್ಲ.

ಮನೆಗೆ ಹೋದೆ. ಹೆಂಡತಿ ಶಾಂತವ್ವ ಮುಖ ನೋಡಿಯೇ, "ಏನಾತ್ರಿ, ಕೆಲಸ ಹೋತೇನು?" ಎಂದಳು. ಹೋಗಿದ್ದರೆ ಚೆನ್ನಾಗಿತ್ತು ಎಂದೆ. ವಿಷಯವೆಲ್ಲ ಕೇಳಿಕೊಂಡು ಅವಳು ಒಂದೇ ಕೇಳಿದಳು: "ಬಿಡಿಸಿದ್ದು ಯಾವ್ಯಾವ ಕಲ್ಲಾಗ ಅಂತ ಬರದೀರೇನು ಇಲ್ಲ?"

ಬರೆದಿದ್ದೆ. ಪ್ರತಿಯೊಂದಕ್ಕೂ ಪದರದ ಸಂಖ್ಯೆ ಬರೆದಿದ್ದೆ. ಮರುದಿನ ಮತ್ತೆ ಎಣಿಸಿದೆವು. ನಲವತ್ತೊಂದರಲ್ಲಿ ಮೂವತ್ಮೂರು ಒಂದೇ ಪದರದವು. ಆ ಪದರದ ಕಲ್ಲು ಗೋದಾಮಿನಲ್ಲಿ ಒಂದು ಚೀಲ ಉಳಿದಿತ್ತು, ಹನ್ನೊಂದು ಕಿಲೋ. ಇಡೀ ಜಗತ್ತಿನಲ್ಲಿ ಉಳಿದದ್ದು ಅಷ್ಟೇ. ಅದರ ಬೀಗದ ಕೈ ಚೋಪ್ಡಾ ಸಾಹೇಬರದ್ದು. ಮುಂದಿನವರಿಗೆಂದು ಎತ್ತಿಟ್ಟಿದ್ದರು, ಯಾರಿಗೂ ಕೊಡುತ್ತಿರಲಿಲ್ಲ.

ಸರೋಜಿನಿ ನಗರದ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ಕೇಳಿ ಆರಕ್ಕೆ ಒಪ್ಪಬೇಕು, ಕೊಡದಿದ್ದರೆ ಎದ್ದು ಹೊರಡಬೇಕು. ದೇಚಮ್ಮಳಿಗೂ, ನೀನು ಸುಮ್ಮನಿರು, ನಾನು ಮಾತಾಡುತ್ತೇನೆ ಎಂದೆ. ಒಳಗೆ ಹೋದವನು ಚೌಕಾಸಿಯ ಮೊದಲ ಮಾತನ್ನೇ ಆಡಲಾರದೆ, ನೋಟುಬುಕ್ಕುಗಳನ್ನು ಮೇಜಿನ ಮೇಲಿಟ್ಟು, ಒಂದೊಂದು ಸಾಲನ್ನೂ ಹಿಂದಿಯಲ್ಲಿ ಓದಿ ಹೇಳಿದೆ. ಹನ್ನೆರಡನೆಯದರ ಹೊತ್ತಿಗೆ ಅವರು ಕನ್ನಡಕ ತೆಗೆದರು.

"ಬಸ್, ಸಾಕು, ಎರನ್ನಾ. ಬಿಡಿಸು ಅಂದವನು ನಾನು."

"ಬಿಡಿಸಿದವನು ನಾನು, ಸಾಬ್."

ಆಮೇಲೆ ಅವರು ನನ್ನ ಹಿಂದೆ ನಿಂತಿದ್ದ ದೇಚಮ್ಮಳನ್ನು ನೋಡಿ, ನೀನು ಹೇಳುವುದು ನಿಜವಾದರೆ ನನ್ನ ಐದು ಹೆಸರುಗಳಲ್ಲಿ ನಾಲ್ಕು ಹೋಗುತ್ತವೆ, ಗೊತ್ತಲ್ಲ ಎಂದರು. ಗೊತ್ತು ಸರ್ ಎಂದಳು. ಡ್ರಾಯರ್ ಎಳೆದು ಬೀಗದ ಕೈಯನ್ನು ಅವಳ ಕಡೆಗೆ ತಳ್ಳಿದರು. ಇಡೀ ಚೀಲ. ನನ್ನ ಬದುಕಿನಲ್ಲಿ ಕೇಳದೇ ಸಿಕ್ಕಿದ ಒಂದೇ ಸರಕು ಅದು.

ಅದನ್ನು ಒಂದು ಕಿಲೋದಂತೆ ಹನ್ನೊಂದು ಸಲ ಕರಗಿಸಿದೆವು. ಆಮ್ಲ ಅರ್ಧಕ್ಕಿಂತ ತೆಳು, ಹಳೆಯ ನೀರು ಧಾರಾಳ, ಕಲಕುವುದಿಲ್ಲ, ಜರಡಿಯ ಮೇಲೆ ನಲ್ಲಿ ಬಿಡುವುದಿಲ್ಲ, ಚಮಚೆಯಿಂದ ನೀರು. ಎರಡು ವಾರದ ಕೆಲಸಕ್ಕೆ ಐದು ವಾರ ಹಿಡಿಯುವುದರಿಂದ ಎರಡೆರಡು ಬಕೆಟ್ಟುಗಳನ್ನು ಜೊತೆಜೊತೆಗೆ ಇಟ್ಟೆವು. ಮೊದಲ ಏಳು ಕಿಲೋದಲ್ಲಿ ಬಿಡಿ ಹಲ್ಲುಗಳು ಮಾತ್ರ. ಅವಳ ಮುಖ ದಿನದಿನಕ್ಕೆ ಸಣ್ಣಗಾಯಿತು. ಅಂಕಲ್, ಛೋಡಿಯೇ, ಬೇರೆ ವಿಷಯದ ಮೇಲೆ ಬರೆದುಬಿಡುತ್ತೇನೆ ಎಂದಳು. ಎಂಟನೆಯ ಕಿಲೋದ ಗಸಿಯಲ್ಲಿ, ತಟ್ಟೆಯ ಮೂಲೆಯ ಚೌಕದಲ್ಲಿ, ಅದು ಇತ್ತು.

ಏಳು ಹಲ್ಲು, ಪಕ್ಕಪಕ್ಕ, ಮೊನೆಗಳೆಲ್ಲ ಒಂದೇ ದಿಕ್ಕಿಗೆ. ನಡುವೆ ನೆಟ್ಟಗಿನದು ಒಂದೇ. ಅದರ ಎಡಕ್ಕೆ ಮೂರು, ಬಲಕ್ಕೆ ಮೂರು. ಎಡದ್ದು ಕನ್ನಡಿಯಲ್ಲಿ ನೋಡಿದರೆ ಬಲದ್ದು. ಬುಡಕ್ಕೆ ಮಣ್ಣು ಮೆತ್ತಿತ್ತು. ನಾನು ಯಾರನ್ನೂ ಕರೆಯಲಿಲ್ಲ. ನೋಡುತ್ತಲೇ ಇದ್ದೆ. ಆಗ ಗಮನಿಸಿದೆ, ನನ್ನ ಬಲಗೈಯಲ್ಲಿ ಸೂಜಿಯ ಕಡ್ಡಿ ಇತ್ತು. ಯಾವಾಗ ಎತ್ತಿಕೊಂಡೆನೋ ನನಗೆ ಗೊತ್ತಿಲ್ಲ. ಅದರ ತುದಿ ಸರಿಯಾಗಿ ಸೇರುವ ಜಾಗದ ಮೇಲೆ ಬಂದು ನಿಂತಿತ್ತು. ಎಲ್ಲ ತಿಳಿದ ಮೇಲೂ, ಐದು ತಿಂಗಳು ಇದನ್ನೇ ಹುಡುಕಿದ ಮೇಲೂ, ಕೈ ತಾನಾಗಿ ಹೋಗಿತ್ತು. ಜೀವನದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡು, ದೇಚಮ್ಮಾ ಎಂದು ಕೂಗಿದೆ.

ಅವಳು ಬಂದು ನೋಡಿದಳು. "ಅಂಕಲ್, ನೀವು ಸ್ವಲ್ಪ ದೂರ ಕೂತ್ಕೊಳ್ಳಿ, ಪ್ಲೀಸ್" ಎಂದಳು. ತಮಾಷೆಗೆ ಹೇಳಲಿಲ್ಲ. ನಾನೂ ದೂರ ಹೋಗಿ ಕುಳಿತೆ.

ಈಗ ಮುಟ್ಟದೆಯೇ ಒಳಗೆ ನೋಡುವ ಯಂತ್ರಗಳಿವೆ. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡುವಂತೆ ಸಾಸಿವೆಯಷ್ಟು ಚೂರನ್ನೂ ಎಕ್ಸ್‌ರೇಯಲ್ಲಿ ಪದರ ಪದರ ತೋರಿಸುತ್ತವೆ. ಮಣ್ಣು ಸಹಿತ ಅದನ್ನು ಬೇರೆ ಊರಿಗೆ ಕಳಿಸಿದರು. ಕಂಪ್ಯೂಟರಿನಲ್ಲಿ ಅದು ಕೈತೋಟದ ಮೂಲಂಗಿಯಷ್ಟು ದೊಡ್ಡದಾಗಿ ತಿರುಗಿತು. ಮಣ್ಣಿನೊಳಗೆ ಏಳಕ್ಕೂ ಬುಡದ ತುಂಡು ಹಾಗೇ ಇದ್ದವು. ಸಾಹೇಬರು ಪರದೆಯ ಮುಂದೆ ನಿಂತು ಬೆರಳಿಂದ ಒಂದೊಂದನ್ನೂ ತೋರಿಸುತ್ತ ತಾವಿಟ್ಟ ಹೆಸರುಗಳನ್ನು ಹೇಳಿದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಹೆಸರು ಒಂದೇ ಬಾಯಲ್ಲಿ.

ಐದನೆಯದು, ಆ ಚಪ್ಪಟೆಯದು, ಅದರಲ್ಲಿ ಇರಲಿಲ್ಲ. ಉಳಿದ ಮೂರು ಕಿಲೋದಲ್ಲೂ ಸಿಗಲಿಲ್ಲ. ಅದು ಇದೇ ಬಾಯಿಯ ಹಿಂದಿನ ಹಲ್ಲೋ, ಬೇರೆ ಜೀವಿಯದ್ದೋ, ಯಾರಿಗೂ ಗೊತ್ತಿಲ್ಲ. ನಾನು ಬಿಡಿಸಿದ ಒಂಬತ್ತರ ಗೊಂಚಲಿನಲ್ಲಿ ಎರಡು ಚಪ್ಪಟೆ ಹಲ್ಲು ಇದ್ದವು ಎಂದು ನೋಟುಬುಕ್ಕು ಹೇಳುತ್ತದೆ. ಯಾವುದರ ಪಕ್ಕ ಇದ್ದವು, ಯಾವ ಕಡೆ ಮುಖ ಮಾಡಿದ್ದವು, ಅಥವಾ ಎಲ್ಲಿಂದಲೋ ಬಂದು ಸುಮ್ಮನೆ ಮೆತ್ತಿಕೊಂಡಿದ್ದವೋ, ಬರೆದಿಲ್ಲ. ನೆನಪು ಮಾಡಿಕೊಳ್ಳಿ ಅಂಕಲ್ ಎಂದು ಅವಳು ಮೂರು ಸಲ ಕೇಳಿದಳು. ಜಿಲೇಬಿ ನೆನಪಿದೆ. ಹಲ್ಲು ಹೇಗಿತ್ತೆಂದು ನೆನಪಿಲ್ಲ.

ಪ್ರಬಂಧ ಪಾಸಾಯಿತು. ಬರೆಯುವಾಗ ಒಂದು ಸಾಲಿನ ಬಗ್ಗೆ ಅವಳು ನನ್ನನ್ನು ಕೇಳಲು ಮನೆಗೇ ಬಂದಳು. ಹಿಂದಿನ ಗೊಂಚಲುಗಳು ಸಿದ್ಧತೆಯ ಹಂತದಲ್ಲಿ ಬೇರೆಯಾದವು ಎಂದು ಬರೆದಿದ್ದಳು, ಯಾರ ಹೆಸರೂ ಇಲ್ಲದೆ. ತಾವಾಗಿ ಬೇರೆಯಾಗಲಿಲ್ಲ, ಬಿಡಿಸಿದರು ಎಂದು ಬರಿ, ನನ್ನ ಹೆಸರು ಹಾಕು, ಯಾವ ನೋಟುಬುಕ್ಕು ಎಂಬುದನ್ನೂ ಹಾಕು ಎಂದೆ. ಅವಳು ಒಪ್ಪಲಿಲ್ಲ. ಒಂದು ಗಂಟೆ ಚೌಕಾಸಿ ನಡೆಯಿತು. ಕೊನೆಗೆ ನನ್ನ ಹೆಸರು ಬಂತು, ಜೊತೆಗೆ ಸಾಹೇಬರದ್ದೂ ಬಂತು. ಅವರು ಫೋನಿನಲ್ಲಿ ತಾವಾಗಿ ಕೇಳಿ ಹಾಕಿಸಿಕೊಂಡರು.

ಇನ್ನು ನಿಮಗೆ. ಮೇಲಿನವರು ಹೀಗೆ ಮಾಡು ಎಂದಾಗ, ಯಾಕೆ ಎಂದು ಒಂದು ಸಲ ಕೇಳಿ. ದಡ್ಡರು ಎಂದುಕೊಂಡರೆ ಎಂದುಕೊಳ್ಳಲಿ. ನಿಮ್ಮ ಕೈ ಯಾವುದರಲ್ಲಿ ಎಲ್ಲರಿಗಿಂತ ಚುರುಕೋ ಅದರ ಮೇಲೇ ಹೆಚ್ಚು ಕಣ್ಣಿಡಿ, ಅಲ್ಲಿ ನಿಮ್ಮನ್ನು ತಡೆಯುವವರು ಯಾರೂ ಇರುವುದಿಲ್ಲ. ಮೊಬೈಲಿನಲ್ಲಿ ದಿನಕ್ಕೆ ನೂರು ಫೋಟೋ ತೆಗೆಯುತ್ತೀರಿ. ತಟ್ಟೆಯಲ್ಲಿ ಏನನ್ನೇ ಸರಿಸುವ ಮೊದಲು ಇನ್ನೊಂದು ತೆಗೆಯಿರಿ. ಮಾಡಿದ್ದನ್ನೆಲ್ಲ ನಿಮಗೆ ಬರುವ ಭಾಷೆಯಲ್ಲಿ ಅಂದಂದೇ ಬರೆದಿಡಿ. ಅದು ತಪ್ಪು ಎಂದು ಗೊತ್ತಾಗುವ ಮೊದಲೇ ಬರೆದಿರಬೇಕು, ಗೊತ್ತಾದ ಮೇಲೆ ಕೈ ಬರೆಯುವುದಿಲ್ಲ. ಮತ್ತೆ, ಎರಡು ಹಲ್ಲು ಅಂಟಿಕೊಂಡು ಸಿಕ್ಕಿದ ದಿನ ಕುರ್ಚಿಯಿಂದ ಎದ್ದುಬಿಡಿ. ದೀಪ ಆರಿಸಿ, ತಟ್ಟೆಗೆ ಮುಚ್ಚಳ ಹಾಕಿ, ಹೊರಗೆ ಹೋಗಿ ಚಹಾ ಕುಡಿಯಿರಿ. ಬರುವಾಗ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಅವರು ಮೊದಲು ನೋಡಲಿ.